ಅಂಚೆಯಲ್ಲಿ ಹಳೇ ನಾಣ್ಯ ಕಳಿಸುವುದು: ತೂಕ, ಅರಗು, ರಶೀದಿ

ಹೊಸದಾಗಿ ನಾಣ್ಯ ಸಂಗ್ರಹಕ್ಕೆ ಇಳಿದವರು ನನ್ನನ್ನು ಕೇಳುವುದು ಇದನ್ನೇ: "ಟ್ರ್ಯಾಕಿಂಗ್ ನಂಬರ್ ಇದೆಯಲ್ಲ ಸರ್, ಇನ್ನೇನು ಭಯ?" ಭಯ ಇದೆ. ಆ ನಂಬರ್ ಪೊಟ್ಟಣ ಎಲ್ಲಿದೆ ಅಂತ ಹೇಳುತ್ತದೆ, ಅಷ್ಟೇ. ಒಳಗೆ ನಾಣ್ಯ ಇದೆಯೋ ಇಲ್ಲವೋ ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದನ್ನು ಹೇಳುವುದು ರಶೀದಿ ಮೇಲಿನ ತೂಕ ಮತ್ತು ಒಡೆಯದ ಅರಗಿನ ಮೊಹರು. ನಾನು ಮೈಸೂರು ಸೀಮೆಯ ತಾಮ್ರ, ಬೆಳ್ಳಿ ನಾಣ್ಯ ಸಂಗ್ರಹಿಸುತ್ತೇನೆ, ಎರಡೆರಡು ಇದ್ದರೆ ಒಂದನ್ನು ಬೇರೆಯವರಿಗೆ ಕೊಡುತ್ತೇನೆ. ಹಾಗಾಗಿ ಕಳಿಸುವುದು, ತರಿಸುವುದು ನಡೆದೇ ಇರುತ್ತದೆ.

ಮೊದಲು ಕಾಸಿನ ಲೆಕ್ಕ. ಸುಮ್ನೆ ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿದ್ದು ಕಳೆದುಹೋದರೆ ನಾನು ತಿಳಿದ ನಿಯಮದಂತೆ ಸಿಗುವ ಪರಿಹಾರ, ಕಟ್ಟಿದ ಶುಲ್ಕದ ಎರಡು ಪಟ್ಟು ಅಥವಾ 1000 ರೂಪಾಯಿ, ಯಾವುದು ಕಡಿಮೆಯೋ ಅದು. ಎಪ್ಪತ್ತು ರೂಪಾಯಿ ಕಟ್ಟಿ ಹನ್ನೆರಡು ಸಾವಿರದ ನಾಣ್ಯ ಕಳಿಸಿದ್ದೀರಿ ಅಂದುಕೊಳ್ಳಿ, ಕೈಗೆ ಬರುವುದು ನೂರ ನಲವತ್ತು. ಕೊರಿಯರ್ ಇನ್ನೂ ಕಷ್ಟ. ಹೆಚ್ಚಿನ ಕಂಪನಿಗಳ ಷರತ್ತಿನಲ್ಲಿ ನಗದು, ಚಿನ್ನ, ಬೆಲೆಬಾಳುವ ವಸ್ತು ತೆಗೆದುಕೊಳ್ಳುವುದೇ ಇಲ್ಲ ಅಂತ ಬರೆದಿರುತ್ತದೆ. ಒಳಗೇನಿದೆ ಅಂತ ಹೇಳದೆ ಕೊಟ್ಟರೆ ಆಮೇಲೆ ಕೇಳುವ ಹಕ್ಕೂ ಉಳಿಯಲ್ಲ. "ಓನರ್ಸ್ ರಿಸ್ಕ್", ಅಂದರೆ ಕಳೆದರೆ ನಷ್ಟ ಕಳಿಸಿದವರದ್ದೇ, ಅಂತ ಟಿಕ್ ಹಾಕಿದ ರಶೀದಿಯನ್ನು ನಾನಂತೂ ಜೇಬಿಗೆ ಹಾಕಿಕೊಳ್ಳಲ್ಲ.

ಹಾಗಾಗಿ ನನಗೆ ಒಗ್ಗಿದ್ದು ಅಂಚೆ ಇಲಾಖೆಯ ಇನ್ಶೂರೆನ್ಸ್. ನಾಣ್ಯ, ನೋಟು, ಚಿನ್ನ, ಒಡವೆ ಇಂಥವನ್ನು ಇನ್ಶೂರ್ ಮಾಡಿಯೇ ಕಳಿಸಬೇಕು ಅನ್ನುವುದು ಅಂಚೆಯ ಹಳೇ ನಿಯಮ, ಅದು ನಮ್ಮ ಇಷ್ಟಕ್ಕೆ ಬಿಟ್ಟ ವಿಷಯ ಅಲ್ಲ. ನಾನು ಕಟ್ಟುತ್ತ ಬಂದ ದರ ಹೀಗೆ: ಮೊದಲ 200 ರೂಪಾಯಿ ಮೌಲ್ಯಕ್ಕೆ 10 ರೂಪಾಯಿ, ಆಮೇಲೆ ಪ್ರತಿ ನೂರಕ್ಕೆ 6. ಹನ್ನೆರಡು ಸಾವಿರದ ನಾಣ್ಯಕ್ಕೆ 718 ಆಗುತ್ತದೆ. ಜಾಸ್ತಿ ಅನಿಸುತ್ತೆ ಅಲ್ವಾ? ಅದಕ್ಕೇ ನಾನು ಕೊಳ್ಳುವವರ ಹತ್ತಿರ ವ್ಯಾಪಾರ ಕುದುರುವ ಮೊದಲೇ ಇದನ್ನು ಮಾತಾಡಿ, ಅವರೇ ಕೊಡುವುದು ಅಂತ ಗಟ್ಟಿ ಮಾಡಿಕೊಳ್ಳುತ್ತೇನೆ. ಗರಿಷ್ಠ ಮಿತಿ ಒಂದು ಲಕ್ಷ, ಹಳ್ಳಿಯ ಬ್ರಾಂಚ್ ಆಫೀಸಿನಲ್ಲಾದರೆ ಬರೀ 600. ಆದ್ದರಿಂದ ಊರಿನ ಸಣ್ಣ ಅಂಚೆ ಕಚೇರಿಗೆ ಹೋಗಿ ಜಗಳ ಆಡಬೇಡಿ, ಬೆಳಿಗ್ಗೆ ಜನ ಕಡಿಮೆ ಇರುವ ಹೊತ್ತಿಗೆ ಹೆಡ್ ಪೋಸ್ಟ್ ಆಫೀಸಿಗೇ ಹೋಗಿ.

ಮೌಲ್ಯ ಎಷ್ಟು ಅಂತ ಬರೆಯುವುದು? ನಿಜವಾದ ಬೆಲೆ, ಅದಕ್ಕಿಂತ ಒಂದು ರೂಪಾಯಿಯೂ ಜಾಸ್ತಿ ಬೇಡ. ಹೆಚ್ಚಿಗೆ ಬರೆದರೆ ಹೆಚ್ಚಿಗೆ ಸಿಗಲ್ಲ, ಇರುವುದಕ್ಕೂ ಕುತ್ತು. ಬೆಲೆಗೆ ಆಧಾರ ನಾವೇ ಇಟ್ಟುಕೊಂಡಿರಬೇಕು. ಕೊಂಡಾಗಿನ ಬಿಲ್ಲು ಇದ್ದರೆ ಒಳ್ಳೇದು. ಇಲ್ಲದಿದ್ದರೆ ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ಟೋಡಿವಾಲಾ ಇಂಥ ಹರಾಜಿನಲ್ಲಿ ಅದೇ ಟಂಕಸಾಲೆಯ, ಅದೇ ಸ್ಥಿತಿಯ ನಾಣ್ಯ ಎಷ್ಟಕ್ಕೆ ಹೋಯಿತು ಅನ್ನುವ ಪುಟವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳುತ್ತೇನೆ. "ತುಂಬಾ ಅಪರೂಪದ್ದು" ಅನ್ನುವ ಮಾತಿಗೆ ಕೌಂಟರಿನಲ್ಲಿ ಬೆಲೆ ಇಲ್ಲ.

ಇನ್ನು ಕಟ್ಟುವ ಕೆಲಸ. ಇದಕ್ಕೆ ನಾನು ಒಂದು ಸಂಜೆಯನ್ನೇ ಇಟ್ಟುಬಿಡುತ್ತೇನೆ. ನಾಣ್ಯವನ್ನು ರಟ್ಟಿನ ಹೋಲ್ಡರ್‌ನಲ್ಲಿ ಇಟ್ಟು ಪಿನ್ ಹೊಡೆದ ಮೇಲೆ, ಪಿನ್ನಿನ ಕಾಲುಗಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುತ್ತೇನೆ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರು ಬೀಳುತ್ತದೆ. ಪಿವಿಸಿ ಪಾಕೆಟ್ ಬೇಡವೇ ಬೇಡ, ತಾಮ್ರಕ್ಕೆ ಹಸಿರು ಅಂಟು ಹತ್ತುತ್ತದೆ. ಹೋಲ್ಡರ್ ಅನ್ನು ಎರಡು ದಪ್ಪ ರಟ್ಟಿನ ನಡುವೆ ಇಟ್ಟು ಸುತ್ತಲೂ ಟೇಪ್. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸದ್ದು ಬರಬಾರದು. ಸದ್ದು ಬಂದರೆ ದಾರಿಯುದ್ದಕ್ಕೂ ಕೈ ಹಾಕಿದವರಿಗೆಲ್ಲ ಒಳಗೇನಿದೆ ಅಂತ ಗೊತ್ತಾಗುತ್ತದೆ. ಮಳೆಗಾಲದಲ್ಲಿ ರಟ್ಟು ನೀರು ಕುಡಿದು ತೂಕ ಏರುತ್ತದೆ, ಅದಕ್ಕೆ ಒಳಗಡೆಯೇ ಪ್ಲಾಸ್ಟಿಕ್ ಸುತ್ತಿ ಮುಚ್ಚುತ್ತೇನೆ.

ಹೊರಗೆ ಬಿಳಿ ಬಟ್ಟೆಯ ಚೀಲ, ಕೈಹೊಲಿಗೆ. ಹೊಲಿಗೆಯ ಮೇಲೆ, ಮಡಿಕೆ ಕೂಡುವ ಪ್ರತಿ ಕಡೆ ಕೆಂಪು ಅರಗು ಕಾಯಿಸಿ ಬಿಟ್ಟು ಸೀಲು ಒತ್ತಬೇಕು. ಎಲ್ಲ ಮೊಹರೂ ಒಂದೇ ಥರ ಇರಬೇಕು, ನಮ್ಮದೇ ಗುರುತು ಇರಬೇಕು. ಕೈಗೆ ಸಿಕ್ಕ ನಾಣ್ಯವನ್ನೋ ಗುಂಡಿಯನ್ನೋ ಒತ್ತಿದರೆ ಒಪ್ಪಲ್ಲ, ಯಾರು ಬೇಕಾದರೂ ಅದೇ ಅಚ್ಚನ್ನು ಮತ್ತೆ ಒತ್ತಬಹುದಲ್ಲ. ನಾನು ನನ್ನ ಹೆಸರಿನ ಮೊದಲ ಅಕ್ಷರ ಕೆತ್ತಿಸಿದ ಹಿತ್ತಾಳೆ ಸೀಲು ಮಾಡಿಸಿದ್ದೇನೆ. ಅರಗು ಹೊಲಿಗೆಯ ದಾರವನ್ನು ನುಂಗಿ ಕೂರಬೇಕು. ಬರೀ ಬಟ್ಟೆಗೆ ಅಂಟಿದರೆ ಉಗುರಿನಿಂದ ಎಬ್ಬಿಸಬಹುದು. ಮೊಹರು ಆರಿದ ಮೇಲೆ ಆರೂ ಮುಖದ ಫೋಟೋ ತೆಗೆಯುತ್ತೇನೆ, ನಾಣ್ಯದ ಎರಡೂ ಬದಿಯ ಫೋಟೋ ಮೊದಲೇ ತೆಗೆದಿರುತ್ತೇನೆ, ತೂಕದ ಯಂತ್ರದ ಮೇಲೆ ಇಟ್ಟು, ಅಂಕಿ ಕಾಣುವ ಹಾಗೆ.

ಕೌಂಟರಿನಲ್ಲಿ ಮೌಲ್ಯವನ್ನು ಅಕ್ಷರದಲ್ಲೂ ಅಂಕಿಯಲ್ಲೂ ಹೊರಗಡೆ ಬರೆಯಬೇಕು, ತಿದ್ದುಪಡಿ ಇರಬಾರದು. ಬೆಲೆಯನ್ನು ಹೊರಗೆ ಬರೆಯುವುದು ಕಳ್ಳನಿಗೆ ಆಹ್ವಾನ ಅಂತ ಕೆಲವರು ವಾದ ಮಾಡುತ್ತಾರೆ. ನಾನು ಒಪ್ಪಲ್ಲ. ಬೆಲೆ ಬರೆದ ಪೊಟ್ಟಣ ಕೈಯಿಂದ ಕೈಗೆ ಲೆಕ್ಕ ಒಪ್ಪಿಸಿಕೊಂಡು ಹೋಗುತ್ತದೆ, ಬರೆಯದ್ದು ಚೀಲದ ತಳದಲ್ಲಿ ಹೋಗುತ್ತದೆ. ಆಮೇಲೆ ರಶೀದಿ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಮೌಲ್ಯ, ಪಿನ್‌ಕೋಡ್, ತೂಕ ಮೂರನ್ನೂ ಓದಿ. ಮನೆಯಲ್ಲಿ ನೀವು ತೂಗಿದ್ದಕ್ಕೂ ಅದಕ್ಕೂ ಮೂರು ನಾಲ್ಕು ಗ್ರಾಂ ವ್ಯತ್ಯಾಸ ಬಂದರೆ "ಮೇಡಂ, ಇನ್ನೊಂದು ಸಲ ತೂಗಿ ನೋಡ್ತೀರಾ" ಅಂತ ಕೇಳಿ. ಬೇಜಾರು ಮಾಡಿಕೊಳ್ಳಲ್ಲ, ಅವರಿಗೂ ಅದೇ ಕ್ಷೇಮ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ ಮೇಲೆ, ವಿಳಾಸದವರಿಗೇ ಅಥವಾ ಅವರು ಒಪ್ಪಿದವರಿಗೇ ಕೊಡಬೇಕು ಅಂದರೆ 5 ರೂಪಾಯಿ ಮತ್ತು ತೆರಿಗೆ ಕಟ್ಟಿ ರಿಜಿಸ್ಟ್ರೇಷನ್ ಬೇಕು ಅಂತ ಕೇಳಬೇಕು. ಅದನ್ನು ಬಿಡಬೇಡಿ.

ಟ್ರ್ಯಾಕಿಂಗ್ ನಂಬರ್ ಹದಿಮೂರು ಅಕ್ಷರದ್ದು: ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ದೇಶದ ಗುರುತು. ಒಂಬತ್ತನೇ ಅಂಕಿ ಮೊದಲಿನ ಎಂಟರ ಲೆಕ್ಕದಿಂದ ಬರುವ ತಾಳೆಯ ಅಂಕಿ, ಹಾಗಾಗಿ ಒಂದು ಅಂಕಿ ತಪ್ಪಿದರೆ ಸಾಮಾನ್ಯವಾಗಿ ಲೆಕ್ಕ ಕೂಡಲ್ಲ. ನಾನು ಕೊಳ್ಳುವವರಿಗೆ ನಂಬರ್ ಟೈಪ್ ಮಾಡಿ ಕಳಿಸಲ್ಲ, ರಶೀದಿಯ ಫೋಟೋವನ್ನೇ ಕಳಿಸುತ್ತೇನೆ, ಯಾಕೆಂದರೆ ತೂಕವೂ ಅದರಲ್ಲೇ ಇದೆ.

ತೂಕ ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಒಮ್ಮೆ ಹೊರರಾಜ್ಯದಿಂದ ನನಗೆ ಟಿಪ್ಪು ಕಾಲದ ಆನೆ ಇರುವ ಜೋಡಿ ಪೈಸೆ (ಎರಡು ಪೈಸೆ ಬೆಲೆಯ ಒಂದೇ ತಾಮ್ರದ ನಾಣ್ಯ) ಬರಬೇಕಿತ್ತು. ಟ್ರ್ಯಾಕಿಂಗ್ ಪುಟದಲ್ಲಿ ಎಲ್ಲವೂ ಚೆನ್ನಾಗಿಯೇ ಇತ್ತು, ಒಂದು ದಿನವೂ ತಡ ಇಲ್ಲ. ಅಂಚೆ ಕಚೇರಿಯಲ್ಲಿ ಕೈಗೆತ್ತಿಕೊಂಡಾಗ ಒಂದು ಮೂಲೆಯ ಅರಗು ಬಣ್ಣದಲ್ಲಿ ಸ್ವಲ್ಪ ಬೇರೆ ಕಂಡಿತು. ಸಹಿ ಹಾಕುವ ಮೊದಲು ತೂಗಿ ಅಂದೆ. ರಶೀದಿಗಿಂತ 23 ಗ್ರಾಂ ಕಡಿಮೆ. ಜೋಡಿ ಪೈಸೆಯ ತೂಕ ಹೆಚ್ಚುಕಡಿಮೆ ಅಷ್ಟೇ. ಸಹಿ ಹಾಕಲಿಲ್ಲ, ಓಪನ್ ಡೆಲಿವರಿ ಬೇಕು, ಅಂದರೆ ಕಚೇರಿಯಲ್ಲೇ ಅವರೆದುರೇ ಬಿಚ್ಚಬೇಕು, ಅಂತ ಬರೆದುಕೊಟ್ಟೆ. ಪೋಸ್ಟ್‌ಮಾಸ್ಟರ್ ಇಬ್ಬರನ್ನು ಸಾಕ್ಷಿಗೆ ಕೂರಿಸಿಕೊಂಡು ಬಿಚ್ಚಿದರು, ಹೋಲ್ಡರ್ ಇತ್ತು, ನಾಣ್ಯ ಇರಲಿಲ್ಲ. ಅದನ್ನೇ ಬರೆದು ಎಲ್ಲರೂ ಸಹಿ ಮಾಡಿದೆವು. ಸುಮ್ನೆ ಸಹಿ ಹಾಕಿ ಮನೆಗೆ ತಂದು ಬಿಚ್ಚಿದ್ದರೆ ಕೇಸು ಅಲ್ಲಿಗೇ ಮುಗಿಯುತ್ತಿತ್ತು. ಪರಿಹಾರ ಕೇಳಬೇಕಾದವರು ಕಳಿಸಿದವರು, ಹಾಗಾಗಿ ಆ ಪ್ರತಿ, ಫೋಟೋ, ಬಿಲ್ಲು ಎಲ್ಲ ಅವರಿಗೆ ಕಳಿಸಿದೆ. ತಿಂಗಳುಗಟ್ಟಲೆ ಆಯಿತು, ಆದರೆ ಇನ್ಶೂರ್ ಮಾಡಿದ ಮೊತ್ತ ಬಂತು, ಅವರು ನನ್ನ ದುಡ್ಡು ವಾಪಸ್ ಕೊಟ್ಟರು. ನಾಣ್ಯ ಎಲ್ಲಿ ಹೋಯಿತು ಅಂತ ಕೊನೆಗೂ ತಿಳಿಯಲಿಲ್ಲ.

ಈ ತೂಕದ ಕಾವಲು ಕೆಲಸ ಮಾಡದ ಜಾಗವೂ ಇದೆ. ಕಂಠೀರಾಯ ಹಣ ಅಂದರೆ ಹೆಸರುಬೇಳೆಯಷ್ಟಗಲದ ಚಿನ್ನ, ಅರ್ಧ ಗ್ರಾಂ ಕೂಡ ತೂಗಲ್ಲ. ಕೌಂಟರಿನ ತಕ್ಕಡಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಂಥದ್ದನ್ನು ನಾನು ಅಂಚೆಗೆ ಹಾಕಲ್ಲ. ನಾಣ್ಯ ಪ್ರದರ್ಶನ ನಡೆಯುವಾಗ ಕೈಯಲ್ಲೇ ಕೊಡುತ್ತೇನೆ, ಕೊಳ್ಳುವವರು ಅಲ್ಲಿಯವರೆಗೆ ಕಾಯಬೇಕು.

ವಿದೇಶದಲ್ಲಿರುವ ನಮ್ಮವರು "ಅಣ್ಣಾ, ಒಂದು ಮೈಸೂರು ನಾಣ್ಯ ಕಳಿಸಿ" ಅಂತ ಕೇಳುತ್ತಾರೆ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತದೆ, ನಮ್ಮಂಥವರು ದೇಶದ ಹೊರಗೆ ಕಳಿಸುವಂತಿಲ್ಲ. ಎಷ್ಟು ಇನ್ಶೂರ್ ಮಾಡಿದರೂ ಅದು ಕಾನೂನು ಮೀರಿದ ಪೊಟ್ಟಣವೇ. ಅವರಿಗೆ ಫೋಟೋ ಕಳಿಸುತ್ತೇನೆ, ರಜೆಗೆ ಊರಿಗೆ ಬಂದಾಗ ಮನೆಗೆ ಕರೆದು ತೋರಿಸುತ್ತೇನೆ.