ಮೊಹಾಕ್ ಭಾಷೇಲಿ ಮಾತಾಡಿಸೋದು ಹೇಗೆ?

ಮಾಂಟ್ರಿಯಲ್ ಪಕ್ಕದ ಕಾಹ್ನವಾಗೆ ಕಡೆಗೋ, ಕೆನಡಾ-ಅಮೆರಿಕಾ ಗಡಿ ಮಧ್ಯೆನೇ ಹಾದುಹೋಗೋ ಆಕ್ವೆಸಾಸ್ನೆಗೋ ಹೋಗೋರಿದ್ರೆ ಅಲ್ಲಿನ ಮೂಲನಿವಾಸಿಗಳಾದ ಮೊಹಾಕ್ ಜನರ ಭಾಷೇಲಿ ನಾಕು ಮಾತು ಕಲ್ತು ಹೋಗಿ, ನಿಜವಾಗ್ಲೂ ಚೆನ್ನಾಗಿರುತ್ತೆ. ಮೊಹಾಕ್ ಅನ್ನೋದು ಹೊರಗಿನವರು ಇಟ್ಟ ಹೆಸರು, ಅವರು ತಮ್ಮ ಭಾಷೇನ ಗನ್ಯೆನ್‌ಗೇಹಾ ಅಂತಾರೆ.

ಎದುರಿಗೆ ಸಿಕ್ಕಿದ ತಕ್ಷಣ 'ಸೇಗೋ' ಅನ್ನಿ, ಇಲ್ಲಾಂದ್ರೆ 'ಕ್ವೇ', ಅಷ್ಟೇ ಸಾಕು. ಆಮೇಲೆ 'ಸ್ಗನ್ನನ್‌ಗೋವಾ ಗಂ?' ಅಂತ ಕೇಳಿ. ಇದು ನಂಗೆ ತುಂಬಾ ಇಷ್ಟ, ಯಾಕಂದ್ರೆ ನಾವು ಆರಾಮಾ ಅಂತ ಕೇಳೋ ಜಾಗದಲ್ಲಿ ಅವರು ನಿಮ್ಮಲ್ಲಿ ದೊಡ್ಡ ಶಾಂತಿ ಇದೆಯಾ ಅಂತ ಕೇಳ್ತಾರೆ, ಸ್ಗನ್ನನ್ ಅಂದ್ರೆ ಶಾಂತಿ, ಗೋವಾ ಅಂದ್ರೆ ದೊಡ್ಡದು, ಕೊನೇಲಿರೋ 'ಗಂ' ನಮ್ಮ 'ಆರಾಮಾ'ದ ಕೊನೇ 'ಆ' ಇದ್ದಂಗೆ, ಪ್ರಶ್ನೆ ಮಾಡೋಕೆ. ಉತ್ತರಕ್ಕೆ ಆ 'ಗಂ' ಬಿಟ್ಟು 'ಸ್ಗನ್ನನ್‌ಗೋವಾ' ಅಂದ್ರಾಯ್ತು.

ಉಚ್ಚಾರಣೆ ಬಗ್ಗೆ ಸ್ವಲ್ಪ ಗಮನ ಕೊಡಿ. ಕನ್ನಡದಲ್ಲಿ ಬರೆದಿರೋದು ಅಂದಾಜಿಗೆ ಅಷ್ಟೇ, ಈ 'ಗಂ' ಅನ್ನೋವಾಗ ತುಟಿ ಮುಚ್ಚಲೇಬಾರ್ದು, ಬಾಯಿ ತೆರೆದೇ ಮೂಗಲ್ಲಿ ಎಳೀಬೇಕು. ಅವರ ಭಾಷೇಲಿ ಪ, ಬ, ಮ ಇಲ್ಲವೇ ಇಲ್ಲ! 'ಅಮ್ಮ' ಅಂತ ಹೇಳಿ ನೋಡಿ, ತುಟಿ ಕೂಡುತ್ತಲ್ಲ, ಆ ಥರ ಕೂಡೋ ಶಬ್ದ ಅವರ ಸ್ವಂತ ಪದಗಳಲ್ಲಿ ಸಿಗಲ್ಲ.

ಮನೆಗೆ ಬಂದ ಒಬ್ಬರನ್ನ ಒಳಗೆ ಕರೆಯೋಕೆ 'ದಸದಾವೆಯತ್'. ಇಬ್ರು ಬಂದ್ರೆ ಪದ ಬೇರೆ, ಜಾಸ್ತಿ ಜನ ಬಂದ್ರೆ ಇನ್ನೂ ಬೇರೆ. ಥ್ಯಾಂಕ್ಸ್‌ಗೆ 'ನ್ಯಾವಂ', ಅದಕ್ಕೆ ಅವರು 'ಯೋ' ಅಂತಾರೆ. ಹೊರಡೋವಾಗ 'ಓನಂ'.