ಲಾಗ್‌ಬುಕ್‌ನಲ್ಲಿದ್ದ ದಾಳಿ ಸ್ಕ್ವಾಡ್ರನ್ ದಾಖಲೆಯಲ್ಲಿ ಸಿಕ್ಕಿದ್ದು ಹೀಗೆ

ಆರ್‌ಎಎಫ್ (ಬ್ರಿಟನ್ನಿನ ವಾಯುಪಡೆ) ಬಾಂಬರ್ ಪೈಲಟ್ ಒಬ್ಬರ ಹಾರಾಟದ ಲಾಗ್‌ಬುಕ್ಕಿನಲ್ಲಿ (ಫಾರ್ಮ್ 414) 1943ರ ರಾತ್ರಿ ದಾಳಿಯೊಂದು ಕೆಂಪು ಶಾಯಿಯಲ್ಲಿ ಸ್ಪಷ್ಟವಾಗಿತ್ತು. ಅವರ ಸ್ಕ್ವಾಡ್ರನ್ನಿನ (ವಾಯುಪಡೆಯ ತುಕಡಿ) ದಾಖಲೆಯಲ್ಲಿ ಮಾತ್ರ ಅವರ ಹೆಸರೇ ಕಾಣಲಿಲ್ಲ.

ಎಡವಿದ್ದು ತಪ್ಪು ಹಾಳೆ ನೋಡಿದ್ದರಲ್ಲಿ. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಎಐಆರ್ 27 ಸರಣಿಯಲ್ಲಿ, ಅಂದರೆ ಸ್ಕ್ವಾಡ್ರನ್ ದಾಖಲೆಗಳಲ್ಲಿ, ಫಾರ್ಮ್ 540 ಬರೀ ದಿನದ ಸಾರಾಂಶ. ವಿಮಾನದ ಸಂಖ್ಯೆ, ಸಿಬ್ಬಂದಿ, ಹೊರಟ ಮತ್ತು ಇಳಿದ ಹೊತ್ತು ಇರುವುದು ಫಾರ್ಮ್ 541ರಲ್ಲಿ. ಅಲ್ಲೂ ಹೆಸರು ಹಿಡಿದು ಹುಡುಕಬೇಡಿ, ಟೈಪ್ ಮಾಡಿದವರ ಕೈಯಲ್ಲಿ ಕಾಗುಣಿತ ಕೆಟ್ಟಿರುತ್ತದೆ. ವಿಮಾನದ ಸಂಖ್ಯೆಯೇ ಗಟ್ಟಿ ಆಧಾರ. ವಿಮಾನವನ್ನು ಗುರುತಿಸಲು ಕೊಡುತ್ತಿದ್ದ ‘Q’ ಎಂಬಂಥ ಒಂಟಿ ಅಕ್ಷರವನ್ನು ನಂಬಿ ಕೂರುವಂತಿಲ್ಲ. ಆ ವಿಮಾನ ನಾಶವಾದರೆ ಅದೇ ಅಕ್ಷರ ಇನ್ನೊಂದಕ್ಕೆ ಹೋಗುತ್ತಿತ್ತು. ಹಾರಾಟ ಮಧ್ಯರಾತ್ರಿ ದಾಟಿದ್ದರೆ ಹಿಂದಿನ, ಮುಂದಿನ ದಿನದ ಹಾಳೆಗಳನ್ನೂ ತಿರುವಬೇಕು.

ಕೊನೆಗೆ ಗಂಟು ಬಿಚ್ಚಿದ್ದು ಲಾಗ್‌ಬುಕ್ಕಿನ ‘ಮೊದಲ ಪೈಲಟ್’ ಅಂಕಣ: ಅಲ್ಲಿದ್ದದ್ದು ಬೇರೆಯವರ ಹೆಸರು. ಹೊಸ ಪೈಲಟ್‌ಗಳನ್ನು ಮೊದಲು ಅನುಭವಿ ಸಿಬ್ಬಂದಿಯೊಂದಿಗೆ ಎರಡನೇ ಪೈಲಟ್ ಆಗಿ ಕಳಿಸುತ್ತಿದ್ದರು. ಆ ಕ್ಯಾಪ್ಟನ್ ಹೆಸರಿನ ಕೆಳಗಿನ ಸಾಲುಗಳಲ್ಲಿ ನಮ್ಮ ಪೈಲಟ್ ಇದ್ದರು, ಒಂದಕ್ಷರ ತಪ್ಪಾಗಿ.

ಸ್ಕ್ವಾಡ್ರನ್ ಸೇರುವ ಮುಂಚಿನ ತರಬೇತಿ ಘಟಕಗಳ ದಾಖಲೆಗೆ ಅದೇ ಆರ್ಕೈವ್ಸ್‌ನ ಎಐಆರ್ 29 ಸರಣಿ ನೋಡಿ.