ಮಾರ್ಗದರ್ಶಿಯೊಡನೆ ತಡಿಯಂಡಮೋಳ್ ಏರುವ ಕ್ರಮ

ಕೊಡಗಿನ ಅತಿ ಎತ್ತರದ ಶಿಖರವಾದ ತಡಿಯಂಡಮೋಳ್ ಸಮುದ್ರ ಮಟ್ಟದಿಂದ 1748 ಮೀಟರ್ ಎತ್ತರದಲ್ಲಿದೆ. ಕಕ್ಕಬ್ಬೆಯ ನಾಲ್ಕುನಾಡು ಅರಮನೆಯಿಂದ ಶಿಖರಕ್ಕೆ ಸುಮಾರು 6 ಕಿಲೋಮೀಟರ್ ದಾರಿ. ಸಾಧಾರಣ ಆರೋಗ್ಯವಿರುವವರು ಒಂದೇ ಹಗಲಿನಲ್ಲಿ ಹತ್ತಿ ಇಳಿಯಬಹುದು. ಕಾಲುದಾರಿ ಬಹುಪಾಲು ಸ್ಪಷ್ಟವಾಗಿಯೇ ಇರುವುದರಿಂದ, ಮಾರ್ಗದರ್ಶಿ ಬೇಕೇ ಎಂಬ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ಬೇಕು ಎಂಬುದೇ ನನ್ನ ಉತ್ತರ. ದಾರಿ ತೋರಿಸುವುದು ಅವರ ಕೆಲಸದ ಸಣ್ಣ ಭಾಗ ಮಾತ್ರ. ಯಾವ ಹೊತ್ತಿಗೆ ನಿಲ್ಲಬೇಕು, ಯಾವಾಗ ಮಾತು ನಿಲ್ಲಿಸಬೇಕು, ಎಲ್ಲಿಂದ ಹಿಂದಿರುಗಬೇಕು ಎಂಬುದನ್ನು ಕಾಡು ನೋಡಿ ನಿರ್ಧರಿಸುವುದು ಅವರ ಮುಖ್ಯ ಕೆಲಸ. ಆ ನಿರ್ಧಾರಕ್ಕೆ ತಲೆಬಾಗಿ ನಡೆಯಲು ಸಿದ್ಧರಾಗಿ ಬಂದರೆ ಮಾತ್ರ ಈ ಬೆಟ್ಟದ ನಡಿಗೆ ಚೆನ್ನಾಗಿ ಸಾಗುತ್ತದೆ.

ಮೊದಲು ಕಾಲದ ವಿಚಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಭಾಗದಲ್ಲಿ ಬೀಳುವ ಮಳೆಯನ್ನು ಬಯಲುಸೀಮೆಯವರು ಊಹಿಸುವುದು ಕಷ್ಟ. 2018ರ ಆಗಸ್ಟ್‌ನಲ್ಲಿ ಕೊಡಗಿನ ಅನೇಕ ಕಡೆ ಗುಡ್ಡಗಳು ಕುಸಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿ ಬೆಟ್ಟವೇ ಜರಿಯಿತು. ನೀರು ಕುಡಿದು ತುಂಬಿದ ಇಳಿಜಾರು ಯಾವಾಗ ಸಡಿಲಗೊಳ್ಳುತ್ತದೆ ಎಂದು ಹೇಳಲು ಅನುಭವಿಗಳಿಗೂ ಆಗುವುದಿಲ್ಲವಾದ್ದರಿಂದ, ಮಳೆಗಾಲದ ನಡುವೆ ಅನುಮತಿ ಸಿಕ್ಕಿದರೂ ಹೋಗದಿರುವುದೇ ಒಳ್ಳೆಯದು. ಅಕ್ಟೋಬರ್‌ನಲ್ಲಿ ಹುಲ್ಲು ಹಸಿರಾಗಿ, ತೊರೆಗಳು ತುಂಬಿ ಬೆಟ್ಟ ಬಹಳ ಚೆಲುವಾಗಿ ಕಾಣುತ್ತದೆ, ಆದರೆ ಮಧ್ಯಾಹ್ನದ ನಂತರ ಗುಡುಗು ಸಿಡಿಲಿನ ಮಳೆ ಬರುವ ಸಂಭವ ಆಗಲೇ ಹೆಚ್ಚು. ನವೆಂಬರ್ ನಡುವಿನಿಂದ ಜನವರಿ ಮುಗಿಯುವವರೆಗಿನ ಅವಧಿ ಹೊಸಬರಿಗೆ ಅತ್ಯಂತ ಸೂಕ್ತ. ಫೆಬ್ರವರಿಯ ನಂತರ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಹುಟ್ಟುವುದರಿಂದ ಅರಣ್ಯ ಇಲಾಖೆ ಚಾರಣವನ್ನು ನಿಲ್ಲಿಸುವುದುಂಟು. ಆದ್ದರಿಂದ ರಜೆ ಹಾಕುವ ಮೊದಲೇ ದಾರಿ ತೆರೆದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಯ ಹೊತ್ತಿಗೆ ಕುಮಾರ ಪರ್ವತಕ್ಕೆ ಸಾವಿರಾರು ಚಾರಣಿಗರು ಒಮ್ಮೆಲೇ ಬಂದು ಸೇರಿದ ಮೇಲೆ, ಸರ್ಕಾರ ಇಂಥ ದಾರಿಗಳಿಗೆ ಮುಂಗಡ ನೋಂದಣಿಯ ನಿಯಮವನ್ನು ತಂದಿತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಹೆಸರು ಮತ್ತು ಗುರುತಿನ ಚೀಟಿಯ ವಿವರ ಕೊಟ್ಟು ಟಿಕೆಟ್ ಪಡೆಯಬೇಕು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇರುವುದರಿಂದ ಶನಿವಾರ ಭಾನುವಾರಗಳ ಟಿಕೆಟ್ ಬೇಗ ಮುಗಿಯುತ್ತದೆ. ಸಾಧ್ಯವಿದ್ದರೆ ವಾರದ ನಡುವಿನ ದಿನವನ್ನು ಆರಿಸಿಕೊಳ್ಳುವುದು ಉತ್ತಮ; ಜನ ಕಡಿಮೆಯಿದ್ದಾಗ ಮಾರ್ಗದರ್ಶಿಯ ಗಮನವೆಲ್ಲ ನಿಮ್ಮ ಗುಂಪಿನ ಮೇಲಿರುತ್ತದೆ, ಹಕ್ಕಿಯ ಕೂಗು ಕೇಳುವಷ್ಟು ಮೌನವೂ ದೊರೆಯುತ್ತದೆ.

ಮಾರ್ಗದರ್ಶಿಯನ್ನು ಇಲಾಖೆಯ ಮೂಲಕ ಅಥವಾ ನೀವು ಉಳಿದುಕೊಳ್ಳುವ ಹೋಂಸ್ಟೇ ಮೂಲಕ, ಇಲಾಖೆ ಒಪ್ಪಿದವರಲ್ಲೇ ಗೊತ್ತುಮಾಡಿಕೊಳ್ಳಿ. ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿ ಬೆಳೆದವರಾದರೆ ಬಹಳ ಒಳ್ಳೆಯದು. ಈ ಬೆಟ್ಟದ ಮಗ್ಗುಲುಗಳಲ್ಲಿ ತಲೆಮಾರುಗಳಿಂದ ವಾಸವಾಗಿರುವ ಕುಡಿಯ ಸಮುದಾಯದವರು ಏಲಕ್ಕಿ, ಜೇನು, ಬೈನೆ ಮರದ ಕಳ್ಳು ಇವುಗಳ ಮೂಲಕ ಕಾಡನ್ನು ಅರಿತವರು. ಅಂಥ ಮನೆಯಿಂದ ಬಂದ ಒಬ್ಬರ ಹಿಂದೆ ನಡೆದರೆ ಅದೇ ಕಾಡು ಬೇರೆ ಕಾಡಾಗಿ ಕಾಣುತ್ತದೆ. ಹೊರಡುವ ಹಿಂದಿನ ದಿನವೇ ಅವರೊಡನೆ ಮಾತಾಡಿ, ಗುಂಪಿನಲ್ಲಿ ಎಷ್ಟು ಜನ, ಅತಿ ಚಿಕ್ಕವರ ಮತ್ತು ಅತಿ ಹಿರಿಯರ ವಯಸ್ಸೆಷ್ಟು, ಯಾರಿಗಾದರೂ ಮಂಡಿನೋವು, ಉಬ್ಬಸ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದೆಯೇ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಕೂಲಿಯನ್ನೂ ಆಗಲೇ ಮಾತಾಡಿ ಮುಗಿಸಿಕೊಳ್ಳಿ. ಅವರು ನಿಮಗಿಂತ ಚಿಕ್ಕವರಾಗಿದ್ದರೂ ‘ಅಣ್ಣಾ’ ಎಂದೋ ಹೆಸರಿನ ಜೊತೆ ‘ಅವರೇ’ ಎಂದೋ ಕರೆಯುವುದು ಈ ಕಡೆಯ ರೂಢಿ. ಏಕವಚನದಲ್ಲಿ ಕೂಗಿ ಕರೆದ ಗುಂಪಿನ ಮಾತನ್ನು ಅವರು ಕೇಳಿಯಾರು, ಆದರೆ ಆ ಗುಂಪು ಅವರ ಮಾತನ್ನು ಕೇಳುವುದಿಲ್ಲ ಎಂಬುದನ್ನು ಅಲ್ಲಿಯೇ ತಿಳಿದುಕೊಂಡಿರುತ್ತಾರೆ.

ಮಡಿಕೇರಿಯಿಂದ ನಾಪೋಕ್ಲು ದಾರಿಯಾಗಿ, ಅಥವಾ ವಿರಾಜಪೇಟೆಯ ಕಡೆಯಿಂದ ಕಕ್ಕಬ್ಬೆಗೆ ಬಸ್ಸಿನಲ್ಲಿ ಬರಬಹುದು. ಬಸ್ಸುಗಳು ಹೆಚ್ಚಿಲ್ಲದ ಕಾರಣ ಹಿಂದಿನ ಸಂಜೆಯೇ ಬಂದು ಹತ್ತಿರದಲ್ಲಿ ಉಳಿಯುವುದು ಅನುಕೂಲ. ನಾಲ್ಕುನಾಡು ಅರಮನೆಯನ್ನು 1792ರಿಂದ 1794ರ ಅವಧಿಯಲ್ಲಿ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಕಟ್ಟಿಸಿದನು. ಕಾಡಿನ ಮಡಿಲಲ್ಲಿ, ಶತ್ರುಗಳಿಗೆ ಸುಲಭವಾಗಿ ಎಟುಕದಂತೆ ಈ ಜಾಗವನ್ನು ಆರಿಸಿದ್ದೇಕೆ ಎಂಬುದು ಅಲ್ಲಿ ನಿಂತು ಮೇಲಿನ ಬೆಟ್ಟಸಾಲನ್ನು ನೋಡಿದಾಗ ತಾನಾಗಿ ತಿಳಿಯುತ್ತದೆ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನು 1834ರಲ್ಲಿ ಬ್ರಿಟಿಷರ ಸೇನೆ ಬಂದಾಗ ಆಶ್ರಯ ಪಡೆದದ್ದೂ ಇಲ್ಲಿಯೇ. ಮರದ ಕೆತ್ತನೆ ಮತ್ತು ಗೋಡೆಯ ಚಿತ್ರಗಳನ್ನು ನೋಡಲು ಇಳಿದು ಬಂದ ಮೇಲೆ ಸಮಯ ಇಟ್ಟುಕೊಳ್ಳಿ. ಬೆಳಗಿನ ತಂಪು ಗಳಿಗೆಯನ್ನು ಏರುವುದಕ್ಕೇ ಮೀಸಲಿಡಬೇಕು.

ಹೊರುವ ಸಾಮಾನು ಕಡಿಮೆಯಿರಲಿ. ಒಬ್ಬರಿಗೆ ಎರಡರಿಂದ ಮೂರು ಲೀಟರ್ ನೀರನ್ನು ಮರುಬಳಕೆಯ ಬಾಟಲಿಯಲ್ಲಿ ತುಂಬಿಕೊಳ್ಳಬೇಕು, ಏಕೆಂದರೆ ದಾರಿಯಲ್ಲಿ ತೊರೆಗಳಿದ್ದರೂ ಶಿಖರದಲ್ಲಿ ನೀರಿಲ್ಲ. ಬಾಳೆಲೆಯಲ್ಲಿ ಕಟ್ಟಿದ ಅಕ್ಕಿ ರೊಟ್ಟಿ ಮತ್ತು ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಮಧ್ಯಾಹ್ನದವರೆಗೂ ಕೆಡುವುದಿಲ್ಲ, ಕಸವೂ ಆಗುವುದಿಲ್ಲ. ಹಿಡಿತವಿರುವ ಅಡಿಯ ಬೂಟು, ಉದ್ದ ತೋಳಿನ ಅಂಗಿ, ರೇನ್‌ಕೋಟು, ಒಂದು ಸ್ವೆಟರ್, ಟಾರ್ಚು, ಬ್ಯಾಂಡೇಜು ಇಷ್ಟಿದ್ದರೆ ಸಾಕು. ಸಾವಿರ ಮೀಟರ್ ಮೇಲೇರಿದಂತೆ ಉಷ್ಣಾಂಶ ಸುಮಾರು 6 ಡಿಗ್ರಿ ಇಳಿಯುವುದರಿಂದಲೂ, ತುದಿಯಲ್ಲಿ ಗಾಳಿಗೆ ಯಾವ ತಡೆಯೂ ಇಲ್ಲದಿರುವುದರಿಂದಲೂ, ಬೆವರಿನಲ್ಲಿ ಒದ್ದೆಯಾದ ಮೈಗೆ ಹಠಾತ್ತನೆ ಚಳಿ ಹಿಡಿಯುತ್ತದೆ; ಸ್ವೆಟರ್ ಬೇಕಾಗುವುದು ಆಗಲೇ. ಬೂಟಿನ ಅಡಿಯಲ್ಲಿ ಬೇರೆ ಊರಿನ ಮಣ್ಣು, ಕಳೆಬೀಜ ಅಂಟಿದ್ದರೆ ಹೊರಡುವ ಮೊದಲೇ ತೊಳೆದುಕೊಳ್ಳಿ. ಸುಗಂಧ ದ್ರವ್ಯ ಹಾಕಿಕೊಳ್ಳಬಾರದು, ಏಕೆಂದರೆ ಇದು ಹೆಜ್ಜೇನಿನ ಸೀಮೆ. ಹುಳಗಳು ಕೆರಳಿದರೆ ಕೈ ಬೀಸಿ ಹೊಡೆಯದೆ, ತಲೆ ಮುಖಗಳನ್ನು ಬಟ್ಟೆಯಿಂದ ಮುಚ್ಚಿಕೊಂಡು ಆ ಜಾಗದಿಂದ ಆದಷ್ಟು ದೂರ ಸರಿಯಬೇಕು.

ಅರಮನೆಯಿಂದ ಮೇಲಕ್ಕೆ ಮೊದಲು ಸಿಗುವುದು ಕಾಫಿ ತೋಟಗಳ ನಡುವಿನ ಕಡಿದಾದ ರಸ್ತೆ. ಇದು ಸುಲಭದ ಭಾಗವೆಂದು ಕಂಡು ಬಹುತೇಕರು ಇಲ್ಲಿಯೇ ವೇಗವಾಗಿ ನಡೆದು ಸುಸ್ತಾಗುತ್ತಾರೆ. ಮಾರ್ಗದರ್ಶಿ ನಿಧಾನವಾಗಿ ನಡೆದರೆ ಅವರನ್ನು ದಾಟಿ ಹೋಗಬೇಡಿ. ಒಂದು ಇಡೀ ವಾಕ್ಯವನ್ನು ಉಸಿರು ಕಟ್ಟದೆ ಹೇಳಲು ಆಗುವಷ್ಟೇ ವೇಗ ಸರಿಯಾದ ವೇಗ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮಾರ್ಗದರ್ಶಿಯ ಬೆನ್ನ ಹಿಂದೆಯೇ ಇರಿಸಿ, ಗಟ್ಟಿಗರೊಬ್ಬರು ಕೊನೆಯಲ್ಲಿ ಬರುವಂತೆ ಏರ್ಪಾಡು ಮಾಡಿದರೆ ಗುಂಪು ಚದುರುವುದಿಲ್ಲ. ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಟಿಕೆಟ್ ತೋರಿಸಿ, ಹೆಸರು ಬರೆಸಿ, ಬ್ಯಾಗು ತಪಾಸಣೆಗೆ ಒಪ್ಪಿಸಿ ಮುಂದುವರಿಯಬೇಕು.

ಅಲ್ಲಿಂದ ಮುಂದೆ ಪಡಿನಾಲ್ಕುನಾಡು ಮೀಸಲು ಅರಣ್ಯ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಕಾಡೂ ಅದರಲ್ಲಿತ್ತು. ಆನೆ, ಕಾಟಿ (ಕಾಡುಕೋಣ), ಕಡವೆಗಳು ಇಲ್ಲಿ ಓಡಾಡುತ್ತವೆ. ಮಾರ್ಗದರ್ಶಿ ನಡೆಯುತ್ತಾ ಏನನ್ನು ನೋಡುತ್ತಾರೆ ಎಂಬುದನ್ನು ಗಮನಿಸಿ: ಹಸಿ ಲದ್ದಿ, ಈಗಷ್ಟೇ ಮುರಿದ ಬಿದಿರು, ತೊರೆಯ ಅಂಚಿನ ಕೆಸರಿನಲ್ಲಿ ಇನ್ನೂ ನೀರು ತುಂಬಿಕೊಳ್ಳದ ಹೆಜ್ಜೆ, ಇದ್ದಕ್ಕಿದ್ದಂತೆ ಮಂಗಗಳು ಹೊರಡಿಸುವ ಎಚ್ಚರಿಕೆಯ ಕೂಗು. ಅವರು ಕೈ ಎತ್ತಿ ನಿಂತರೆ ಎಲ್ಲರೂ ಅಲ್ಲೇ ನಿಲ್ಲಬೇಕು. ‘ಏನಾಯಿತು’ ಎಂದು ಹಿಂದಿನಿಂದ ಕೂಗಬಾರದು. ಆನೆಗೆ ದೃಷ್ಟಿ ಮಂದ, ಆದರೆ ವಾಸನೆ ಮತ್ತು ಶ್ರವಣ ಬಹಳ ತೀಕ್ಷ್ಣ. ಆದ್ದರಿಂದ ಗಾಳಿ ಯಾವ ಕಡೆಯಿಂದ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿ, ಅವರು ಗುಂಪನ್ನು ಬಂದ ದಾರಿಯಲ್ಲಿಯೇ ಸದ್ದಿಲ್ಲದೆ ಹಿಂದಕ್ಕೆ ಕರೆದೊಯ್ಯಬಹುದು, ಅರ್ಧ ಗಂಟೆ ಕಾಯಿಸಬಹುದು, ಇಲ್ಲವೇ ಆ ದಿನದ ನಡಿಗೆಯನ್ನೇ ಅಲ್ಲಿಗೆ ಮುಗಿಸಬಹುದು. ಟಿಕೆಟ್ ಹಣ ಕೊಟ್ಟಿದ್ದೇವೆ, ದೂರದಿಂದ ಬಂದಿದ್ದೇವೆ ಎಂದು ಒತ್ತಾಯಿಸುವುದು ಅವರ ಜೀವವನ್ನೂ ಪಣಕ್ಕಿಟ್ಟಂತೆ. ಮೊಬೈಲ್ ಎತ್ತಿ ಫೋಟೊ ತೆಗೆಯಲು ಎರಡು ಹೆಜ್ಜೆ ಮುಂದೆ ಹೋಗುವವರಿಂದಲೇ ಅನಾಹುತಗಳಾಗುತ್ತವೆ. ಒಂಟಿ ಕಾಟಿಯ ವಿಷಯದಲ್ಲಿಯೂ ಅಷ್ಟೇ ಎಚ್ಚರ ಬೇಕು. ಬಂಡೆಯ ಸಂದಿಗೆ, ದಪ್ಪ ಬೇರಿನ ಹಿಂದೆ, ಕಣ್ಣಿಗೆ ಕಾಣದ ಜಾಗಕ್ಕೆ ಕೈ ಹಾಕಬಾರದು. ಹಾವು ಕಚ್ಚಿದರೆ ಕಟ್ಟು ಬಿಗಿಯದೆ, ಗಾಯ ಕೊಯ್ಯದೆ, ಆ ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಒಯ್ಯಬೇಕು.

ಜಿಗಣೆಗೆ ಹೆದರುವ ಅಗತ್ಯವಿಲ್ಲ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ನೆರಳಿನ ಒದ್ದೆ ಜಾಗದಲ್ಲಿ ನಿಲ್ಲದೆ ನಡೆದರೆ ಹತ್ತುವುದು ಕಡಿಮೆ. ಹತ್ತಿದರೆ ಉಗುರಿನಿಂದ ಮೆಲ್ಲನೆ ಬಿಡಿಸಿ ಗಾಯ ತೊಳೆದರಾಯಿತು. ಉಪ್ಪು ಸುರಿಯುತ್ತಾ ಹೋಗಿ ತೊರೆಯ ಅಂಚಿನ ಕಪ್ಪೆ, ಹುಳಗಳಿಗೆ ತೊಂದರೆ ಕೊಡುವುದು ಬೇಡ.

ಕಾಡು ದಾಟಿದ ಮೇಲೆ ಹುಲ್ಲುಗಾವಲು ತೆರೆದುಕೊಳ್ಳುತ್ತದೆ, ಅದರ ಕಣಿವೆಗಳಲ್ಲಿ ಮಾತ್ರ ಶೋಲಾ ಎಂಬ ಗಿಡ್ಡ ಮರಗಳ ನಿತ್ಯಹಸಿರು ಕಾಡು ಒತ್ತಾಗಿ ನಿಂತಿರುತ್ತದೆ. ನನ್ನ ಮಟ್ಟಿಗೆ ಇಡೀ ದಾರಿಯಲ್ಲಿ ಅತಿ ಹೆಚ್ಚು ಹೊತ್ತು ಕೂರಬೇಕಾದ ಜಾಗ ಇದೇ. ಹುಲ್ಲು ಮತ್ತು ಶೋಲಾ ಎರಡೂ ಸೇರಿ ಮಳೆಯ ನೀರನ್ನು ಹಿಡಿದಿಟ್ಟು, ಬೇಸಿಗೆಯವರೆಗೂ ಹನಿಹನಿಯಾಗಿ ಬಿಡುತ್ತವೆ. ಈ ಬೆಟ್ಟದ ಪೂರ್ವದ ನೀರು ಕಕ್ಕಬ್ಬೆ ಹೊಳೆಯಾಗಿ ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಯವರೆಗೆ ಹೋದರೆ, ಪಶ್ಚಿಮಕ್ಕೆ ಇಳಿದ ನೀರು ಕೇರಳದ ಮೂಲಕ ಅರಬ್ಬೀ ಸಮುದ್ರವನ್ನು ಬೇಗನೆ ತಲುಪುತ್ತದೆ. ಹುಲ್ಲನ್ನು ಬರಿಯ ಬಯಲೆಂದು ತಿಳಿದು ಎಲ್ಲೆಂದರಲ್ಲಿ ತುಳಿದರೆ, ಸವೆದ ಜಾಡಿನಲ್ಲಿ ಮಳೆಗಾಲದ ನೀರು ಹರಿದು ಕೊರಕಲಾಗುತ್ತದೆ. ಇರುವ ಕಾಲುದಾರಿಯಲ್ಲೇ, ಅದು ಕೆಸರಾಗಿದ್ದರೂ, ನಡೆಯಬೇಕು. ಬೆಂಕಿ ಹಚ್ಚುವುದು, ಬೀಡಿ ಸಿಗರೇಟು ಸೇದುವುದು, ರಾತ್ರಿ ತಂಗುವುದು ಇವು ಯಾವುವೂ ಇಲ್ಲಿ ಸಲ್ಲ.

ಮಂಜು ಕವಿಯುವುದೂ ಇಲ್ಲಿಯೇ. ಕೆಲವೇ ನಿಮಿಷಗಳಲ್ಲಿ ಹತ್ತು ಹೆಜ್ಜೆಯಾಚೆಗಿನವರು ಕಾಣದಂತಾಗಬಹುದು. ಆಗ ಒಬ್ಬರಿಗೊಬ್ಬರು ಕಾಣುವಷ್ಟು ಹತ್ತಿರ ಸೇರಿ, ಮಾರ್ಗದರ್ಶಿ ಹೇಳುವವರೆಗೆ ಕದಲದೆ ನಿಲ್ಲಬೇಕು. ಹುಲ್ಲಿನಲ್ಲಿ ಕವಲೊಡೆಯುವ ದನದ ಜಾಡುಗಳೆಲ್ಲ ದಾರಿಯಂತೆಯೇ ಕಾಣುತ್ತವೆ. ಗುಡುಗಿನ ಸದ್ದು ಕೇಳಿದರೆ ಶಿಖರ ಎಷ್ಟು ಹತ್ತಿರವಿದ್ದರೂ ಕೆಳಗಿಳಿಯಬೇಕು. ಬೆಟ್ಟದ ಬೋಳು ನೆತ್ತಿಯಲ್ಲಿ ಸಿಡಿಲಿಗೆ ಅತಿ ಎತ್ತರದ ವಸ್ತು ಮನುಷ್ಯನೇ ಆಗಿರುತ್ತಾನೆ, ಒಂಟಿ ಮರದ ಅಡಿಯೂ ಸುರಕ್ಷಿತವಲ್ಲ.

ತುದಿಗೆ ಮುಂಚಿನ ಕೊನೆಯ ಏರು ಒಂದು ಶೋಲಾ ಕಾಡಿನೊಳಗೆ, ಬೇರುಗಳನ್ನೇ ಮೆಟ್ಟಿಲು ಮಾಡಿಕೊಂಡು ಸಾಗುತ್ತದೆ. ಇಲ್ಲಿ ಅವಸರ ಬೇಡ. ಶಿಖರದಲ್ಲಿ ಊಟ ಮಾಡಿ, ಸುತ್ತಲಿನ ಸಾಲುಗಳ ಹೆಸರನ್ನು ಮಾರ್ಗದರ್ಶಿಯಿಂದ ಕೇಳಿ ತಿಳಿಯಿರಿ. ಅವರು ‘ಇಳಿಯೋಣವಾ’ ಎಂದಾಗ ಏಳಬೇಕು, ಏಕೆಂದರೆ ಬಯಲಿನಲ್ಲಿ ಬೆಳಕಿರುವಾಗಲೇ ಶೋಲಾದೊಳಗೆ ಕತ್ತಲಾಗುತ್ತದೆ, ಸಂಜೆಯ ಹೊತ್ತಿಗೆ ತೋಟದ ರಸ್ತೆಗೂ ಆನೆಗಳು ಬರುವುದುಂಟು.

ಇಳಿಯುವಾಗ ಮಂಡಿಗೆ ಬೀಳುವ ಭಾರ ಏರುವಾಗಿನದಕ್ಕಿಂತ ಹೆಚ್ಚು. ಮಂಡಿಯನ್ನು ಸ್ವಲ್ಪ ಬಗ್ಗಿಸಿ, ಸಣ್ಣ ಹೆಜ್ಜೆಯಿಟ್ಟು, ಕೋಲಿದ್ದರೆ ಮುಂದಕ್ಕೆ ಊರಿ ಇಳಿಯಬೇಕು. ಜಲ್ಲಿ ಕಲ್ಲಿನ ಮೇಲೆ ಓಡುವುದನ್ನು ಮಕ್ಕಳಿಗೂ ಬಿಡಬಾರದು. ಕಾಲು ಉಳುಕಿದರೆ ಹೊತ್ತೇ ತರಬೇಕಾಗುತ್ತದೆ, ಮೊಬೈಲ್ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ. ಸಿಗ್ನಲ್ ಇದ್ದಲ್ಲಿ 112ಕ್ಕೆ ಕರೆ ಮಾಡಬಹುದು, ಆದರೆ ಅದಕ್ಕೂ ಮೊದಲು ಮಾರ್ಗದರ್ಶಿ ಚೆಕ್‌ಪೋಸ್ಟಿಗೆ ಸುದ್ದಿ ಮುಟ್ಟಿಸುವ ದಾರಿಯನ್ನು ಬಲ್ಲರು. ಒಪ್ಪಿದ ಕೂಲಿಯನ್ನು ಅದೇ ದಿನ, ಚೌಕಾಸಿಯಿಲ್ಲದೆ ಅವರ ಕೈಗೇ ಕೊಡಿ. ತಂದ ಕಸವನ್ನೆಲ್ಲ ತೋರಿಸಿ, ಚೆಕ್‌ಪೋಸ್ಟಿನ ಪುಸ್ತಕದಲ್ಲಿ ಗುಂಪಿನ ಎಲ್ಲರೂ ಹೊರಬಂದ ಬಗ್ಗೆ ಸಹಿ ಹಾಕಲು ಮರೆಯಬೇಡಿ. ಒಬ್ಬರ ಸಹಿ ಬಿಟ್ಟುಹೋದರೂ ಆ ರಾತ್ರಿ ಸಿಬ್ಬಂದಿ ಟಾರ್ಚು ಹಿಡಿದು ಹುಡುಕಲು ಬೆಟ್ಟ ಹತ್ತಬೇಕಾಗುತ್ತದೆ.